ಕೇಳದೇ ಬಿಟ್ಟ ಪ್ರಶ್ನೆಗಳು: ಈಟಿಂಗ್ ಡಿಸಾರ್ಡರ್ ಚಿಕಿತ್ಸೆ ಯಾರನ್ನು ತಲುಪುತ್ತಿಲ್ಲ, ಏಕೆ

1689ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಮಾರ್ಟನ್ ಇಬ್ಬರು ರೋಗಿಗಳ ವಿಚಾರ ಬರೆದಿಟ್ಟರು. ಇಬ್ಬರೂ ಊಟ ಬಿಟ್ಟು ಸೊರಗಿದ್ದರು. ಕ್ಷಯ ಎನ್ನೋಣವೆಂದರೆ ಅದರ ಲಕ್ಷಣಗಳು ಕಾಣುತ್ತಿರಲಿಲ್ಲ. ಇಂದು ನಾವು ಅನೊರೆಕ್ಸಿಯಾ ನರ್ವೋಸಾ ಎನ್ನುವ ಕಾಯಿಲೆಯ ಬಗ್ಗೆ ವೈದ್ಯಕೀಯದಲ್ಲಿ ಸಿಗುವ ಮೊದಮೊದಲ ವಿವರಣೆ ಇದೇ ಎಂದು ಬಹಳ ಮಂದಿ ಒಪ್ಪುತ್ತಾರೆ. ಆ ಇಬ್ಬರಲ್ಲಿ ಒಬ್ಬಳು ಹದಿನೆಂಟರ ಆಸುಪಾಸಿನ ಹುಡುಗಿ, ಇನ್ನೊಬ್ಬ ಹದಿನಾರರ ಹುಡುಗ. ಕಾಯಿಲೆ ಕಾಗದಕ್ಕೆ ಇಳಿದ ದಿನವೇ ಅಲ್ಲೊಬ್ಬ ಹುಡುಗನಿದ್ದ. ಆಮೇಲೆ ಅವನು ಎಲ್ಲಿ ಹೋದ? ಪಠ್ಯಗಳಲ್ಲಿ, ಜಾಗೃತಿ ಪೋಸ್ಟರುಗಳಲ್ಲಿ, ಕೊನೆಗೆ ವೈದ್ಯರ ಮನಸ್ಸಿನಲ್ಲೂ ಉಳಿದದ್ದು ಒಂದೇ ಚಿತ್ರ: ಉಳ್ಳವರ ಮನೆಯ, ಬಿಳಿ ಮೈಬಣ್ಣದ, ಎಲುಬು ಕಾಣುವಷ್ಟು ಬಡಕಲಾದ ಹದಿಹರೆಯದ ಹುಡುಗಿ.

ಈಟಿಂಗ್ ಡಿಸಾರ್ಡರ್‌ಗೆ, ಅಂದರೆ ತಿನ್ನುವ ರೀತಿಯೇ ಕೆಟ್ಟುಹೋಗುವ ಇಂಥ ಕಾಯಿಲೆಗಳಿಗೆ, ಚಿಕಿತ್ಸೆ ಕೆಲವರಿಗೆ ಸಿಗುವುದೇ ಇಲ್ಲ ಎಂದಾಗ ಎಲ್ಲರೂ ಮೊದಲು ಮಾತಾಡುವುದು ತಜ್ಞರ ಕೊರತೆ, ಹಾಸಿಗೆಗಳ ಕೊರತೆಯ ಬಗ್ಗೆ. ಆ ಕೊರತೆ ನಿಜ. ಆದರೆ ತಜ್ಞರ ಬಾಗಿಲವರೆಗೆ ಬಾರದೇ ಹೋದವರಿಗೆ ಹಾಸಿಗೆ ಎಷ್ಟಿದ್ದರೇನು? ಬಹುಪಾಲು ಜನ ಕಳೆದುಹೋಗುವುದು ಅದಕ್ಕೂ ಎಷ್ಟೋ ಮುಂಚೆ. ಅವರು ಹೊಟ್ಟೆನೋವೆಂದೋ ಹಲ್ಲುನೋವೆಂದೋ ಯಾವುದೋ ಸಾಮಾನ್ಯ ಕ್ಲಿನಿಕ್‌ಗೆ ಹೋಗಿರುತ್ತಾರೆ, ಅಲ್ಲಿ ಯಾರೂ ಊಟದ ಬಗ್ಗೆ ಒಂದು ಪ್ರಶ್ನೆ ಕೇಳುವುದಿಲ್ಲ. ಹಣ, ಸಮಯ, ತರಬೇತಿ ಮೂರನ್ನೂ ಮೊದಲು ಸುರಿಯಬೇಕಾದ್ದು ಆ ಜಾಗದಲ್ಲಿ ಎಂಬುದು ಈ ಬರಹದ ನಿಲುವು.

ಮೊದಲು ಕಾಯಿಲೆಗಳ ಪರಿಚಯ, ಚುಟುಕಾಗಿ. ಅನೊರೆಕ್ಸಿಯಾದಲ್ಲಿ ಊಟವನ್ನು ಕಡಿಮೆ ಮಾಡುತ್ತಾ ಹೋಗಿ ದೇಹಕ್ಕೆ ಬೇಕಾದ ಶಕ್ತಿಯೇ ಸಿಗದಂತಾಗುತ್ತದೆ. ಬುಲಿಮಿಯಾದಲ್ಲಿ ಹಿಡಿತ ತಪ್ಪಿ ತಿನ್ನುವುದು, ತಿಂದದ್ದನ್ನು ಹೇಗಾದರೂ ಕಳೆಯಲು ಹೆಣಗುವುದು, ಹೀಗೆ ಒಂದು ಸುತ್ತು ನಡೆಯುತ್ತಿರುತ್ತದೆ. ಬಿಂಜ್ ಈಟಿಂಗ್‌ನಲ್ಲಿ ಹಿಡಿತ ತಪ್ಪುವುದಿದೆ, ಕಳೆಯುವ ಹೆಣಗಾಟವಿಲ್ಲ. ನಾಚಿಕೆ ಮಾತ್ರ ಬೇಕಾದಷ್ಟಿದೆ. ಆರ್ಫಿಡ್ ಎಂಬ ಇನ್ನೊಂದಿದೆ: ದಪ್ಪಗಾಗುವ ಭಯವೇನೂ ಇಲ್ಲ, ಆಹಾರದ ವಾಸನೆ, ಮೃದು-ಗಟ್ಟಿತನ, ಗಂಟಲಿಗೆ ಸಿಕ್ಕಿಬಿಟ್ಟೀತೆಂಬ ಹೆದರಿಕೆ ಇಂಥ ಕಾರಣಗಳಿಂದ ತಿನ್ನುವುದು ತೀರಾ ಕುಗ್ಗಿಹೋಗುತ್ತದೆ. 2007ರಲ್ಲಿ ಪ್ರಕಟವಾದ ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಬದುಕಿನಲ್ಲಿ ಒಮ್ಮೆಯಾದರೂ ಅನೊರೆಕ್ಸಿಯಾ ಬಂದವರು ಹೆಂಗಸರಲ್ಲಿ ಶೇ 0.9, ಗಂಡಸರಲ್ಲಿ ಶೇ 0.3. ಬಿಂಜ್ ಈಟಿಂಗ್ ಹೆಂಗಸರಲ್ಲಿ ಶೇ 3.5, ಗಂಡಸರಲ್ಲಿ ಶೇ 2. ಎಲ್ಲಕ್ಕಿಂತ ಹೆಚ್ಚು ಜನರಿಗೆ ಇರುವುದು ಬಿಂಜ್ ಈಟಿಂಗ್. ಪೋಸ್ಟರುಗಳಲ್ಲಿ ಕಾಣದಿರುವುದೂ ಅದೇ.

ಮನಸ್ಸಿನಲ್ಲಿ ಕೂತ ಆ ಒಂದು ಚಿತ್ರ ಎಷ್ಟು ಕೆಲಸ ಮಾಡುತ್ತದೆ ಎನ್ನುವುದಕ್ಕೆ 2006ರ ಒಂದು ಅಮೆರಿಕನ್ ಅಧ್ಯಯನ ಸಾಕು. ಊಟದ ತೊಂದರೆಯಿರುವ ಒಬ್ಬ ಕಾಲ್ಪನಿಕ ಹುಡುಗಿಯ ದಿನಚರಿಯನ್ನು ಚಿಕಿತ್ಸಕರಿಗೆ ಓದಲು ಕೊಟ್ಟರು. ಬರಹ ಒಂದೇ, ಹುಡುಗಿಯ ಜನಾಂಗ ಯಾವುದೆಂಬ ಒಂದು ವಿವರ ಮಾತ್ರ ಬೇರೆಬೇರೆ. ಬಿಳಿಯ ಹುಡುಗಿ ಎಂದು ಓದಿದವರಲ್ಲಿ ಶೇ 44 ಮಂದಿ ಇಲ್ಲಿ ಸಮಸ್ಯೆಯಿದೆ ಎಂದರು. ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ನಾಡುಗಳ ಮೂಲದವಳು) ಎಂದಿದ್ದಾಗ ಶೇ 41. ಕಪ್ಪು ಹುಡುಗಿ ಎಂದಿದ್ದಾಗ ಶೇ 17. ಇವರು ಜನಸಾಮಾನ್ಯರಲ್ಲ, ಗುರುತಿಸುವುದೇ ವೃತ್ತಿಯಾದವರು. ರೋಗಿಗಳು ಮುಂದೆ ಬರುತ್ತಿಲ್ಲ, ಸಂಕೋಚ ಪಡುತ್ತಾರೆ ಎಂದು ಹೇಳುವ ಮೊದಲು ಈ ಮೂರು ಅಂಕಿಗಳನ್ನು ನೋಡಬೇಕು.

ನಿಯಮಗಳೂ ಇದೇ ಚಿತ್ರವನ್ನು ನೋಡಿಕೊಂಡು ಬರೆದವು. ಅಮೆರಿಕನ್ ಸೈಕಿಯಾಟ್ರಿಕ್ ಅಸೋಸಿಯೇಷನ್‌ನ ರೋಗನಿರ್ಣಯದ ಕೈಪಿಡಿಯಲ್ಲಿ ಅನೊರೆಕ್ಸಿಯಾ ಎಂದು ಬರೆಯಲು ಮುಟ್ಟು ನಿಂತಿರಬೇಕು ಎಂಬ ಷರತ್ತಿತ್ತು. 2013ರಲ್ಲಿ ಐದನೇ ಆವೃತ್ತಿ ಬಂದಾಗ ಅದನ್ನು ತೆಗೆದರು. ಬಿಂಜ್ ಈಟಿಂಗ್‌ಗೆ ಸ್ವಂತ ಹೆಸರಿನ ಜಾಗ ಸಿಕ್ಕಿದ್ದೂ ಆ ವರ್ಷವೇ. ರೋಗನಿರ್ಣಯದ ಹೆಸರಿಲ್ಲದಿದ್ದರೆ ವಿಮೆಯಿಲ್ಲ, ರೆಫರಲ್ (ತಜ್ಞರ ಬಳಿಗೆ ಕಳುಹಿಸುವ ಕೋರಿಕೆ) ಇಲ್ಲ, ಲೆಕ್ಕಕ್ಕೂ ಇಲ್ಲ. ಆ ಷರತ್ತು ಹೋದರೂ ಅದನ್ನು ಕಲಿತು ಬಂದ ಒಂದು ತಲೆಮಾರು ಇನ್ನೂ ಕ್ಲಿನಿಕ್‌ಗಳಲ್ಲಿ ಕೂತಿದೆ.

ತೂಕದ ವಿಚಾರವನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಅತಿ ಹೆಚ್ಚು ಜನ ಕೈತಪ್ಪುವುದು ಇಲ್ಲಿ.

ಮೊದಲಿಂದ ದಪ್ಪಗಿದ್ದ ಒಬ್ಬ ವ್ಯಕ್ತಿ ಕೆಲವೇ ತಿಂಗಳಲ್ಲಿ ತುಂಬ ತೂಕ ಇಳಿಸಿಕೊಂಡು ತಲೆಸುತ್ತು ಎಂದು ಕ್ಲಿನಿಕ್‌ಗೆ ಬರುತ್ತಾನೆ ಎಂದುಕೊಳ್ಳಿ. ತೂಕದ ಯಂತ್ರ ತೋರಿಸುವುದು ಈಗಲೂ 'ಸಾಮಾನ್ಯ' ಅಥವಾ ಅದಕ್ಕಿಂತ ಮೇಲು. ಬಹುಪಾಲು ಕಡೆ ಅವನಿಗೆ ಸಿಗುವುದು ಶಹಬ್ಬಾಸ್‌ಗಿರಿ, ಹೀಗೇ ಮುಂದುವರಿಸಿ ಎಂಬ ಸಲಹೆ. ಮೈ ಸೊರಗಿದಂತೆ ಕಾಣದಿದ್ದರೂ ಒಳಗೆ ಅನೊರೆಕ್ಸಿಯಾ ಇರುವ ಈ ಸ್ಥಿತಿಗೇ ಅಟಿಪಿಕಲ್ ಅನೊರೆಕ್ಸಿಯಾ ಎನ್ನುವುದು. ಎಷ್ಟು ತೂಕ ಇಳಿದಿದೆ, ಎಷ್ಟು ಬೇಗ ಇಳಿದಿದೆ ಎಂಬುದರ ಮೇಲೆ ಹೃದಯಬಡಿತ ಕುಸಿಯುತ್ತದೆಯೇ ಹೊರತು ಇವತ್ತಿನ ತೂಕ ಎಷ್ಟು ಎಂಬುದರ ಮೇಲಲ್ಲ ಎಂದು ಹದಿಹರೆಯದ ರೋಗಿಗಳ ಅಧ್ಯಯನಗಳು ತೋರಿಸಿವೆ. ಬ್ರಿಟನ್ನಿನ ನೈಸ್ ಸಂಸ್ಥೆಯ 2017ರ ಮಾರ್ಗಸೂಚಿ ಇದನ್ನು ನೇರವಾಗಿ ಹೇಳುತ್ತದೆ: ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಆಗಲಿ, ಕಾಯಿಲೆ ಎಷ್ಟು ಕಾಲದಿಂದ ಇದೆ ಎಂಬುದಾಗಲಿ, ಯಾವುದೇ ಒಂದೇ ಅಳತೆಯಿಂದ ಚಿಕಿತ್ಸೆ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಬಾರದು. ಹಾಗಿದ್ದೂ ಬಿಎಂಐ ಇಷ್ಟಕ್ಕಿಂತ ಕೆಳಗಿದ್ದರೆ ಮಾತ್ರ ಕಳುಹಿಸಿ ಎಂದು ರೆಫರಲ್ ಫಾರಂನಲ್ಲಿ ಬರೆದ ಸೇವೆಗಳಿವೆ. ಇನ್ನೂ ಸಾಕಷ್ಟು ಸೊರಗಿಲ್ಲ ಎಂದು ವಾಪಸ್ ಕಳಿಸಿದ ರೋಗಿಗೆ ಆ ಕಾಯಿಲೆ ಏನು ಹೇಳಿಕೊಡುತ್ತದೆ ಎಂದು ಫಾರಂ ಬರೆದವರು ಯೋಚಿಸಿರಲಾರರು. ಇನ್ನಷ್ಟು ಸೊರಗು, ಅಷ್ಟೆ.

ಹಾಗಾದರೆ ಏನನ್ನು ಅಳೆಯಬೇಕು? ಯಾವ ಸಣ್ಣ ಕ್ಲಿನಿಕ್‌ನಲ್ಲೂ ಮಾಡಬಹುದಾದದ್ದು ಇದು. ರೋಗಿಯನ್ನು ಐದು ನಿಮಿಷ ಸುಮ್ಮನೆ ಮಲಗಿಸಿ ನಾಡಿ ಮತ್ತು ಬಿಪಿ ನೋಡಿ. ಎದ್ದು ನಿಲ್ಲಿಸಿ, ಎರಡು ಮೂರು ನಿಮಿಷದೊಳಗೆ ಮತ್ತೆ ಎರಡನ್ನೂ ನೋಡಿ. ಈ ಐದು ನಿಮಿಷ ಕಾಯುವುದನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ. ಕ್ಯೂನಲ್ಲಿ ನಿಂತು, ಮೆಟ್ಟಿಲು ಹತ್ತಿ ಬಂದವರ ನಾಡಿಯನ್ನು ಕೂತ ತಕ್ಷಣ ಎಣಿಸಿದರೆ ಕುಸಿದ ಹೃದಯಬಡಿತವೂ ಸರಿಯಾಗಿಯೇ ಕಾಣುತ್ತದೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಸೈಕಿಯಾಟ್ರಿಸ್ಟ್ಸ್ 2022ರಲ್ಲಿ ಕೊಟ್ಟ ಮಾರ್ಗದರ್ಶನದಲ್ಲಿ ನಿಮಿಷಕ್ಕೆ 40ಕ್ಕಿಂತ ಕಡಿಮೆ ಬಡಿತ ತೀವ್ರ ಅಪಾಯದ ಗುರುತು. ಎದ್ದು ನಿಂತಾಗ ಬಿಪಿಯ ಮೇಲಿನ ಅಂಕಿ 20ಕ್ಕಿಂತ ಹೆಚ್ಚು ಇಳಿಯುವುದು, ವಯಸ್ಕರಲ್ಲಿ ಬಡಿತ 30ಕ್ಕಿಂತ ಹೆಚ್ಚು ಏರುವುದು ಕೂಡ ಹಾಗೇ ಎಚ್ಚರಿಕೆಯ ಗಂಟೆ. ಆಮೇಲೆ ಕುಕ್ಕರುಗಾಲಲ್ಲಿ ಕೂರಿಸಿ ಕೈಯೂರದೆ ಏಳಲು ಹೇಳಿ. ಆಗದಿದ್ದರೆ ಸ್ನಾಯುಗಳು ಸೋತಿವೆ ಎಂದರ್ಥ. ಇಸಿಜಿ, ಪೊಟ್ಯಾಶಿಯಂ, ಫಾಸ್ಫೇಟ್, ಮೆಗ್ನೀಶಿಯಂ, ಸಕ್ಕರೆ ಇಷ್ಟು ಪರೀಕ್ಷೆ ಜೊತೆಗಿರಲಿ. ಒಂದು ಮಾತು ನೆನಪಿರಬೇಕು: ರಕ್ತಪರೀಕ್ಷೆ ಸರಿಯಿದೆ ಎಂದ ಮಾತ್ರಕ್ಕೆ ರೋಗಿ ಸುರಕ್ಷಿತ ಅಲ್ಲ. ದೇಹ ಕೊನೆಯವರೆಗೂ ರಕ್ತದ ಅಂಕಿಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಲ್ಲ ನಾರ್ಮಲ್, ಮನೆಗೆ ಹೋಗಿ ಎಂದು ಕಳುಹಿಸುವುದು ಈ ಕಾಯಿಲೆಯಲ್ಲಿ ಪದೇಪದೇ ಆಗುವ ತಪ್ಪು.

ಇನ್ನು ಪ್ರಶ್ನೆಗಳು. ಹೆಚ್ಚು ಬಳಕೆಯಲ್ಲಿರುವುದು 1999ರಲ್ಲಿ ಲಂಡನ್ನಿನಲ್ಲಿ ರೂಪುಗೊಂಡ ಸ್ಕಾಫ್ ಎಂಬ ಐದು ಪ್ರಶ್ನೆಗಳ ಪಟ್ಟಿ. ಹೊಟ್ಟೆ ಬಿರಿಯ ತುಂಬಿತೆಂದು ವಾಂತಿ ಮಾಡಿಕೊಳ್ಳುತ್ತೀರಾ, ಎಷ್ಟು ತಿನ್ನುತ್ತೀರೆಂಬ ಹಿಡಿತ ತಪ್ಪಿದೆ ಎಂಬ ಚಿಂತೆಯಿದೆಯಾ, ಮೂರು ತಿಂಗಳಲ್ಲಿ ಆರು ಕಿಲೋಗೂ ಹೆಚ್ಚು ಇಳಿದಿದ್ದೀರಾ, ಬೇರೆಯವರು ತೆಳ್ಳಗಿದ್ದೀರಿ ಎಂದರೂ ದಪ್ಪಗಿದ್ದೇನೆ ಎನ್ನಿಸುತ್ತದಾ, ಊಟದ ಯೋಚನೆಯೇ ಬದುಕನ್ನು ಆಳುತ್ತಿದೆ ಎನ್ನಿಸುತ್ತದಾ. ಎರಡಕ್ಕೆ ಹೌದು ಎಂದರೆ ಮುಂದಿನ ತಪಾಸಣೆ. ಎರಡು ನಿಮಿಷದ ಕೆಲಸ, ತರಬೇತಿಯೂ ಹೆಚ್ಚು ಬೇಡ. ಆದರೆ ಅದು ಅನೊರೆಕ್ಸಿಯಾ, ಬುಲಿಮಿಯಾಗಳನ್ನು ಕಣ್ಣಮುಂದಿಟ್ಟುಕೊಂಡು ಮಾಡಿದ ಪಟ್ಟಿ. ಬಿಂಜ್ ಈಟಿಂಗ್ ಅದರಲ್ಲಿ ಜಾರಿಹೋಗುತ್ತದೆ, ಆರ್ಫಿಡ್ ಅಂತೂ ಸಿಗುವುದೇ ಇಲ್ಲ. ತೆಳ್ಳಗಿದ್ದೀರಿ ಎಂದು ಯಾರೂ ಎಂದೂ ಹೇಳದ ದಪ್ಪ ಮೈಯ ವ್ಯಕ್ತಿಗೆ ನಾಲ್ಕನೆಯ ಪ್ರಶ್ನೆ ಅನ್ವಯಿಸುವುದಾದರೂ ಹೇಗೆ?

ಹಾಂಗ್‌ಕಾಂಗ್‌ನಲ್ಲಿ ಮನೋವೈದ್ಯ ಸಿಂಗ್ ಲೀ 1993ರಲ್ಲಿ ಪ್ರಕಟಿಸಿದ 70 ರೋಗಿಗಳ ಅಧ್ಯಯನ ಇನ್ನೊಂದು ಬದಿಯನ್ನು ತೋರಿಸಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ದಪ್ಪಗಾಗುವ ಭಯವೇ ಇರಲಿಲ್ಲ. ಏಕೆ ತಿನ್ನುವುದಿಲ್ಲ ಎಂದು ಕೇಳಿದರೆ ಹೊಟ್ಟೆ ಉಬ್ಬರ, ಹಸಿವಿಲ್ಲ ಎನ್ನುತ್ತಿದ್ದರು. ದೇಹ ಸೊರಗಿದ್ದು, ಅಪಾಯ ಬಂದದ್ದು ಎಲ್ಲ ನಿಜವೇ. ದಪ್ಪಗಾಗುವ ಭಯವನ್ನೇ ಹೆಬ್ಬಾಗಿಲಿನ ಬೀಗ ಮಾಡಿಕೊಂಡ ಪ್ರಶ್ನಾವಳಿ ಇಂಥವರನ್ನು ಜೀರ್ಣಾಂಗದ ವೈದ್ಯರ ಬಳಿಗೆ ಅಟ್ಟುತ್ತದೆ. ಅಲ್ಲಿ ಎಂಡೋಸ್ಕೋಪಿ ಸರಿಯಿದೆ ಎಂದು ಬರುತ್ತದೆ, ತಿಂಗಳುಗಳು ಕಳೆಯುತ್ತವೆ.

ಆದ್ದರಿಂದ ಪಟ್ಟಿಯ ಜೊತೆಗೆ ಕೆಲವು ನೇರ ಮಾತು ಬೇಕು. ಶುರುವಿನಲ್ಲಿ "ಊಟದ ವಿಚಾರದಲ್ಲಿ ಎಷ್ಟೋ ಜನರಿಗೆ ಕಷ್ಟ ಇರುತ್ತೆ, ಅದಕ್ಕೆ ಎಲ್ಲರನ್ನೂ ಕೇಳ್ತೀನಿ" ಎಂದರೆ ಎದುರಿನವರ ಹೆಗಲು ಇಳಿಯುತ್ತದೆ. ನಂತರ: "ನಿನ್ನೆ ಎದ್ದಾಗಿನಿಂದ ಮಲಗೋವರೆಗೆ ಯಾವಾಗ ಏನು ತಿಂದ್ರಿ?" "ತಿನ್ನೋಕೆ ಶುರು ಮಾಡಿದ್ರೆ ನಿಲ್ಸೋಕೇ ಆಗ್ಲಿಲ್ಲ ಅನ್ನೋ ಹಾಗೆ ಆಗಿದ್ದುಂಟಾ?" "ತಿಂದ ಮೇಲೆ ಅದನ್ನ ಹೇಗಾದ್ರೂ ಸರಿದೂಗಿಸ್ಬೇಕು ಅನ್ಸುತ್ತಾ?" "ಕಳೆದ ಆರು ತಿಂಗಳಲ್ಲಿ ಬಟ್ಟೆ ಸಡಿಲವಾಗಿದ್ಯಾ, ಬಿಗಿಯಾಗಿದ್ಯಾ?" ಗಂಡಸರಿಗೆ ತೂಕದ ಬದಲು ಮೈಕಟ್ಟಿನ ಬಗ್ಗೆ ಕೇಳಿದರೆ ಮಾತು ಬೇಗ ಬರುತ್ತದೆ: ಸ್ನಾಯು ಸಾಲದು ಅನ್ನಿಸುತ್ತಾ, ಒಂದು ದಿನ ವ್ಯಾಯಾಮ ತಪ್ಪಿದರೆ ಏನಾಗುತ್ತೆ. ಮಕ್ಕಳ ವಿಷಯಕ್ಕೆ ಬಂದರೆ ತೂಕ ಇಳಿಯಬೇಕೆಂದೇನಿಲ್ಲ, ಬೆಳೆಯುವ ವಯಸ್ಸಿನಲ್ಲಿ ಏರದೇ ನಿಂತರೂ ಅದು ಇಳಿದ ಹಾಗೆಯೇ.

ಈ ಪ್ರಶ್ನೆಗಳನ್ನು ಎಲ್ಲಿ ಕೇಳಬೇಕು ಎಂಬುದೂ ಅಷ್ಟೇ ಮುಖ್ಯ. ದಂತವೈದ್ಯರಿಗೆ ಮೇಲಿನ ಮುಂದಿನ ಹಲ್ಲುಗಳ ಒಳಮೈ ಸವೆದದ್ದು ಎಲ್ಲರಿಗಿಂತ ಮೊದಲು ಕಾಣುತ್ತದೆ. ಅವರು ಗದರದೆ ಒಂದು ಮಾತು ಕೇಳಿದರೆ ಸಾಕು. ವಾಂತಿಯಾದ ಕೂಡಲೇ ಹಲ್ಲುಜ್ಜಬೇಡಿ, ಆಮ್ಲದಿಂದ ಮೆತ್ತಗಾದ ಎನಾಮೆಲ್ ಉಜ್ಜಿದರೆ ಇನ್ನೂ ಸವೆಯುತ್ತದೆ, ನೀರಿನಲ್ಲಿ ಮುಕ್ಕಳಿಸಿ ಎಂಬ ಸಲಹೆಯಿಂದಲೇ ನಂಬಿಕೆ ಶುರುವಾಗಬಹುದು. ಟೈಪ್ 1 ಮಧುಮೇಹದ ಕ್ಲಿನಿಕ್‌ನಲ್ಲಿ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ) ಕಾರಣವಿಲ್ಲದೆ ಏರುತ್ತಿದ್ದರೆ, ಕೀಟೋಅಸಿಡೋಸಿಸ್ (ಇನ್ಸುಲಿನ್ ಸಾಲದೆ ರಕ್ತ ಆಮ್ಲೀಯವಾಗುವ ಅಪಾಯದ ಸ್ಥಿತಿ) ಮತ್ತೆಮತ್ತೆ ಬರುತ್ತಿದ್ದರೆ ತೂಕ ಇಳಿಸಲೆಂದು ಇನ್ಸುಲಿನ್ ಬಿಡುತ್ತಿರಬಹುದೇ ಎಂದು ಯೋಚಿಸಬೇಕು. ಅಶಿಸ್ತು ಎಂದು ಬೈದರೆ ಅವರು ಇನ್ನು ಆ ಕಡೆ ಬರುವುದಿಲ್ಲ. ಸ್ತ್ರೀರೋಗ ತಜ್ಞರು, ಕ್ರೀಡಾ ತರಬೇತುದಾರರು, ಶಾಲೆಯ ನರ್ಸ್‌ಗಳು, ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಘಟಕಗಳು, ಎಲ್ಲೆಡೆಯೂ ಇದೇ ಮಾತು.

ಬಡತನದ ಸಂಗತಿ ಬೇರೆಯೇ ಗಮನ ಬೇಡುತ್ತದೆ. ಊಟಕ್ಕೇ ಗತಿಯಿಲ್ಲದವರಿಗೆ ಈಟಿಂಗ್ ಡಿಸಾರ್ಡರ್ ಎಲ್ಲಿಂದ ಬರಬೇಕು ಎಂಬ ಮಾತನ್ನು ವೈದ್ಯರ ಬಾಯಲ್ಲೂ ಕೇಳಬಹುದು. ಅಮೆರಿಕದ ಸ್ಯಾನ್ ಆಂಟೋನಿಯೊದಲ್ಲಿ ಉಚಿತ ಆಹಾರ ಹಂಚುವ ಕೇಂದ್ರಗಳಿಗೆ ಬರುವ 503 ಜನರ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಮನೆಯ ಮಕ್ಕಳೂ ಹಸಿದಿರುವಷ್ಟು ಕೊರತೆಯಿರುವ ಗುಂಪಿನಲ್ಲಿ ಶೇ 17 ಮಂದಿಗೆ ಚಿಕಿತ್ಸೆ ಬೇಕೆನ್ನುವ ಮಟ್ಟದ ಲಕ್ಷಣಗಳಿದ್ದವು. ಇದರ ಹಿಂದಿನ ಕಾರಣ ಮೊದಲೇ ಗೊತ್ತಿದ್ದದ್ದೇ. 1944–45ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅವರು 36 ಆರೋಗ್ಯವಂತ ಗಂಡಸರನ್ನು ಆರು ತಿಂಗಳಷ್ಟು ಕಾಲ ಅರೆಹೊಟ್ಟೆಯಲ್ಲಿಟ್ಟು ಗಮನಿಸಿದರು. ಹಗಲೂ ರಾತ್ರಿ ಊಟದ್ದೇ ಧ್ಯಾನ. ಮತ್ತೆ ಬೇಕಾದಷ್ಟು ಊಟ ಸಿಕ್ಕಾಗ ಕೆಲವರಿಗೆ ಎಷ್ಟು ತಿಂದರೂ ತೃಪ್ತಿಯೇ ಇಲ್ಲ. ಹಸಿವು, ಆಮೇಲೆ ಹಿಡಿತ ತಪ್ಪಿದ ಊಟ: ಹಸಿವು ತಾನಾಗಿ ತಂದುಕೊಂಡದ್ದೋ, ಕೈಯಲ್ಲಿ ಕಾಸಿಲ್ಲದೆ ಬಂದದ್ದೋ ಎಂದು ದೇಹ ಕೇಳುವುದಿಲ್ಲ. ಸಂಬಳದ ಹಣ ಇದ್ದಾಗ ಊಟ, ಮುಗಿದಾಗ ಉಪವಾಸ ಎಂಬ ಬದುಕೇ ಬಿಂಜ್‌ಗೆ ದಾರಿ ಮಾಡುತ್ತದೆ.

ಚಿಕಿತ್ಸೆಯ ಮೊದಲ ಪಾಠ ನಿಯಮಿತ ಊಟ: ದಿನಕ್ಕೆ ಮೂರು ಊಟ, ಎರಡು ಮೂರು ಸಣ್ಣ ತಿಂಡಿ, ನಡುವೆ ಮೂರು ನಾಲ್ಕು ಗಂಟೆಗಿಂತ ಹೆಚ್ಚು ಅಂತರ ಬೇಡ. ಮನೆಯಲ್ಲಿ ಆಹಾರವೇ ಇಲ್ಲದವರಿಗೆ ಈ ಸಲಹೆ ಕೊಟ್ಟು ಕಳುಹಿಸಿ, ಅವರು ಪಾಲಿಸಲಿಲ್ಲ ಎಂದು ಫೈಲಿನಲ್ಲಿ ಬರೆಯುವುದು ಅನ್ಯಾಯ. ಹಾಗಾಗಿ "ತಿಂಗಳಲ್ಲಿ ಊಟಕ್ಕೆ ಸಾಲದೇ ಹೋಗೋ ದಿನಗಳಿವೆಯಾ?" ಎಂಬುದನ್ನು ಮೊದಲ ಭೇಟಿಯಲ್ಲೇ ಕೇಳಿ, ಆಹಾರ ನೆರವಿನ ವ್ಯವಸ್ಥೆಯನ್ನು ಚಿಕಿತ್ಸೆಯ ಭಾಗವೆಂದೇ ಜೋಡಿಸಬೇಕು. ಇರುವಷ್ಟನ್ನೇ ಹೆಚ್ಚು ಹೊತ್ತುಗಳಿಗೆ ಹಂಚುವುದು, ಕೆಡದೆ ಉಳಿಯುವ ಏನಾದರೂ ಒಂದನ್ನು ಸಣ್ಣ ತಿಂಡಿಗೆಂದು ತೆಗೆದಿಡುವುದು, ಇಂಥ ಲೆಕ್ಕಾಚಾರವನ್ನು ಜೊತೆಗೆ ಕೂತು ಮಾಡಬೇಕು.

ತಜ್ಞರು ಕಡಿಮೆಯಿರುವಲ್ಲಿ ಏನು ಮಾಡುವುದು? ಬುಲಿಮಿಯಾ ಮತ್ತು ಬಿಂಜ್ ಈಟಿಂಗ್ ಇರುವ ವಯಸ್ಕರಿಗೆ ನೈಸ್ ಮಾರ್ಗಸೂಚಿ ಮೊದಲ ಹೆಜ್ಜೆಯಾಗಿ ಹೇಳುವುದೇ ಮಾರ್ಗದರ್ಶನದ ಜೊತೆಗಿನ ಸ್ವಸಹಾಯ: ಒಂದು ಕೈಪಿಡಿ, ಜೊತೆಗೆ 16 ವಾರಗಳಲ್ಲಿ ತಲಾ 20 ನಿಮಿಷದ 4ರಿಂದ 9 ಭೇಟಿ, ಶುರುವಿನಲ್ಲಿ ವಾರಕ್ಕೊಂದರಂತೆ. ಸರಿಯಾದ ತರಬೇತಿ ಮತ್ತು ಮೇಲ್ವಿಚಾರಣೆ ಇದ್ದರೆ ನರ್ಸ್, ಆಪ್ತಸಮಾಲೋಚಕರು ಇದನ್ನು ನಡೆಸಬಹುದು. ಇದು ಕೆಡುವ ಬಗೆಗಳೂ ಗೊತ್ತಿರುವಂಥವೇ. ಕೈಪಿಡಿ ಕೊಟ್ಟು ಓದಿಕೊಳ್ಳಿ ಎಂದು ಕೈಬಿಡುವುದು ಮೊದಲನೆಯದು. 'ಮಾರ್ಗದರ್ಶನ' ಹೋದರೆ ಉಳಿಯುವುದು ಬರೀ ಕಾಗದ. ಊಟದ ಡೈರಿಯನ್ನು ಬರೆಯಲೇಬೇಕು ಎಂದು ಹಟ ಹಿಡಿಯುವುದು ಎರಡನೆಯದು. ಓದು ಬರಹ ಕಷ್ಟವಿರುವವರು ಫೋನಿನಲ್ಲಿ ವಾಯ್ಸ್ ನೋಟ್ ಮಾಡಿದರೂ, ತಟ್ಟೆಯ ಫೋಟೊ ತೆಗೆದರೂ ಕೆಲಸ ನಡೆಯುತ್ತದೆ. ಬೇಕಾದದ್ದು ತಿಂದ ಹೊತ್ತು, ಆಗಿನ ಮನಸ್ಥಿತಿ, ಆ ಕ್ಷಣವೇ ದಾಖಲಾಗುವುದು. ರಾತ್ರಿ ಕೂತು ನೆನಪಿನಿಂದ ತುಂಬಿದ ಡೈರಿಯಿಂದ ಅಷ್ಟು ಉಪಯೋಗವಿಲ್ಲ. ನಾಲ್ಕನೇ ವಾರದ ಹೊತ್ತಿಗೆ ಏನೂ ಬದಲಾಗದಿದ್ದರೆ ಅದನ್ನೇ ಎಳೆಯದೆ ಮುಂದಿನ ಹಂತದ ಚಿಕಿತ್ಸೆಗೆ ಕಳುಹಿಸಬೇಕು.

ಹದಿಹರೆಯದವರ ಅನೊರೆಕ್ಸಿಯಾಕ್ಕೆ ಕುಟುಂಬ ಆಧಾರಿತ ಚಿಕಿತ್ಸೆ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ಬೆಳೆದು ಬಂದದ್ದು. ಮೊದಲ ಹಂತದಲ್ಲಿ ಪ್ರತಿ ಊಟದ ಹೊಣೆಯೂ ಹೆತ್ತವರದ್ದು. ಇಲ್ಲಿ ಅಡಗಿರುವ ಊಹೆ ಗಮನಿಸಿ: ಹಗಲು ಮನೆಯಲ್ಲಿ ದೊಡ್ಡವರೊಬ್ಬರು ಇದ್ದೇ ಇರುತ್ತಾರೆ. ಒಬ್ಬಂಟಿ ತಾಯಿ ಪಾಳಿಯಲ್ಲಿ ದುಡಿಯುತ್ತಿದ್ದರೆ ಈ ಚಿಕಿತ್ಸೆ ಎರಡೇ ವಾರದಲ್ಲಿ ಕುಸಿಯುತ್ತದೆ, ಆಕೆ ಸಹಕರಿಸಲಿಲ್ಲ ಎಂಬ ಹೆಸರು ಬರುತ್ತದೆ. ಮೊದಲ ದಿನವೇ ವಾರದ ಎಲ್ಲ ಊಟಗಳನ್ನೂ ಒಂದು ಹಾಳೆಯ ಮೇಲೆ ಬರೆದು ಪ್ರತಿಯೊಂದರ ಮುಂದೆ ಒಬ್ಬರ ಹೆಸರು ಹಾಕಿ: ಬೆಳಗ್ಗೆ ಅಜ್ಜಿ, ಮಧ್ಯಾಹ್ನ ಶಾಲೆಯ ನರ್ಸ್ ಅಥವಾ ಒಬ್ಬ ಶಿಕ್ಷಕಿ, ಸಂಜೆ ವಿಡಿಯೊ ಕಾಲ್‌ನಲ್ಲಿ ಚಿಕ್ಕಮ್ಮ, ರಾತ್ರಿ ಅಮ್ಮ. ಹೆಸರಿಲ್ಲದ ಖಾನೆ ಉಳಿದರೆ ಅದು ಕುಟುಂಬದ ಸಮಸ್ಯೆಯಲ್ಲ, ತಂಡ ಕೂತು ತುಂಬಬೇಕಾದ ಖಾನೆ.

ದೂರದ ಊರಿನವರಿಗೆ ವಿಡಿಯೊ ಚಿಕಿತ್ಸೆ ನಿಜಕ್ಕೂ ವರ. ಆದರೆ ಪರದೆಯ ಮೇಲೆ ನಾಡಿ ಸಿಗುವುದಿಲ್ಲ. ತೂಕ, ಬಿಪಿ, ರಕ್ತಪರೀಕ್ಷೆಗೆ ಹತ್ತಿರದ ಕ್ಲಿನಿಕ್ ಒಂದನ್ನು ಗೊತ್ತುಮಾಡಿ, ಅಂಕಿಗಳನ್ನು ಯಾರು ಯಾರಿಗೆ ಯಾವ ದಿನ ಕಳುಹಿಸಬೇಕು ಎಂದು ಬರೆದಿಡದೆ ಶುರು ಮಾಡಬಾರದು. ಎಲ್ಲರೂ ಒಂದೇ ಕೋಣೆಯಲ್ಲಿರುವ ಮನೆಯಲ್ಲಿ ಯಾರ ಮುಂದೆ ಮಾತಾಡುವುದು? ಹಾಗಿದ್ದರೆ ಚಾಟ್ ಮೂಲಕ, ಇಲ್ಲವೇ ನಡೆಯುತ್ತಾ ಫೋನಿನಲ್ಲಿ. ಭಾಷೆ ಬೇರೆಯಿದ್ದರೆ ದುಭಾಷಿ ಬೇಕು, ಮನೆಯ ಮಗುವನ್ನು ಆ ಕೆಲಸಕ್ಕೆ ಕೂರಿಸಲೇಬಾರದು. ವಾಂತಿಯ ಬಗ್ಗೆ, ಆತ್ಮಹತ್ಯೆಯ ಯೋಚನೆಯ ಬಗ್ಗೆ ಅಮ್ಮ ಹೇಳುವುದನ್ನು ಹತ್ತು ವರ್ಷದ ಮಗ ತಿರುಗಿಸಿ ಹೇಳುವಂತಾಗಬಾರದು.

ಸಮುದಾಯದಲ್ಲೇ ನೋಡಿಕೊಳ್ಳುವುದಕ್ಕೆ ಮಿತಿಯಿದೆ. ಮೂರ್ಛೆ ಹೋಗುವುದು, ಎದೆನೋವು, ಎದೆ ಡವಗುಟ್ಟುವುದು, ಮೇಲೆ ಹೇಳಿದ ಅಪಾಯದ ಅಂಕಿಗಳು, ಹಲವು ದಿನ ಹೆಚ್ಚೂಕಡಿಮೆ ಏನೂ ತಿನ್ನದಿರುವುದು, ಜೀವ ಕಳೆದುಕೊಳ್ಳುವ ಮಾತು, ಇವುಗಳಲ್ಲಿ ಯಾವುದಿದ್ದರೂ ಅವತ್ತೇ ಆಸ್ಪತ್ರೆ. ಬಹಳ ದಿನ ಉಪವಾಸವಿದ್ದವರಿಗೆ ಒಮ್ಮೆಲೇ ತಿನ್ನಿಸುವುದೂ ಅಪಾಯ: ಜೀವಕೋಶಗಳು ಫಾಸ್ಫೇಟನ್ನು ಎಳೆದುಕೊಂಡು ರಕ್ತದಲ್ಲಿ ಅದು ಕುಸಿಯುತ್ತದೆ, ಹೃದಯ ಲಯ ತಪ್ಪುತ್ತದೆ. ಮೊದಲ ಕೆಲವು ದಿನ ಥಯಾಮಿನ್ (ವಿಟಮಿನ್ ಬಿ1) ಕೊಟ್ಟು ಪದೇಪದೇ ರಕ್ತ ನೋಡುವುದು ಇದಕ್ಕಾಗಿ.

ಇನ್ನು ಕಾಯುವಿಕೆ. ಲಂಡನ್ನಿನಲ್ಲಿ ಶುರುವಾಗಿ ಇಂಗ್ಲೆಂಡಿನಾದ್ಯಂತ ಹರಡಿದ ಫ್ರೀಡ್ ಎಂಬ ಮಾದರಿ 16ರಿಂದ 25ರ ವಯಸ್ಸಿನ, ಕಾಯಿಲೆ ಬಂದು ಮೂರು ವರ್ಷ ದಾಟಿರದವರಿಗಾಗಿ ಇದೆ. ರೆಫರಲ್ ಬಂದ 48 ಗಂಟೆಯೊಳಗೆ ಒಂದು ಫೋನ್, ಎರಡು ವಾರದೊಳಗೆ ತಪಾಸಣೆ, ನಾಲ್ಕು ವಾರದೊಳಗೆ ಚಿಕಿತ್ಸೆ ಎಂಬುದು ಅದರ ಗುರಿ. ಆ ಮೊದಲ ಫೋನ್ ಎಲ್ಲ ಸೇವೆಗಳೂ ನಕಲು ಮಾಡಬಹುದಾದ ಕೆಲಸ. ಕೋರಿಕೆ ತಲುಪಿದೆ, ನಿಮ್ಮ ಹೆಸರು ಪಟ್ಟಿಯಲ್ಲಿದೆ, ಅಲ್ಲಿಯವರೆಗೆ ಇಂಥ ಲಕ್ಷಣ ಕಂಡರೆ ಇಲ್ಲಿಗೆ ಹೋಗಿ ಎಂದು ಒಬ್ಬ ಮನುಷ್ಯ ಹೇಳಿದರೆ ಮನಸ್ಸು ಅತ್ತಿತ್ತ ತೂಗುತ್ತಿರುವವರು ಉಳಿದುಕೊಳ್ಳುತ್ತಾರೆ. ಈ ಕಾಯಿಲೆಯಲ್ಲಿ ಬಹುತೇಕರ ಮನಸ್ಸು ತೂಗುತ್ತಲೇ ಇರುತ್ತದೆ. ವಾರಗಟ್ಟಲೆ ಸುದ್ದಿಯಿಲ್ಲದಿದ್ದರೆ ನನಗೆ ಅಂಥದ್ದೇನೂ ಆಗಿಲ್ಲ ಎಂಬ ಒಳದನಿಯೇ ಗೆಲ್ಲುತ್ತದೆ.

ಕೊನೆಗೆ ಲೆಕ್ಕ. ತನ್ನ ಸೇವೆ ಯಾರನ್ನು ಬಿಟ್ಟುಬಿಡುತ್ತಿದೆ ಎಂದು ತಿಳಿಯಲು ಒಂದು ತಂಡಕ್ಕೆ ದೊಡ್ಡ ಸಂಶೋಧನೆ ಬೇಡ. ರೆಫರಲ್ ಬಂದವರು, ಮೊದಲ ಭೇಟಿಗೆ ಬಂದವರು, ಮೂರನೆಯದಕ್ಕೆ ಉಳಿದವರು, ಮುಗಿಸಿದವರು ಎಂದು ನಾಲ್ಕು ಕಾಲಂ ಹಾಕಿ. ಅಡ್ಡಕ್ಕೆ ಲಿಂಗ, ವಯಸ್ಸು, ಮಾತಾಡುವ ಭಾಷೆ, ಮನೆಯಿಂದ ದೂರ, ಬಂದಾಗಿನ ತೂಕದ ಗುಂಪು. ಒಟ್ಟು ಸಂಖ್ಯೆಯನ್ನು ಮಾತ್ರ ನೋಡುವ ಸೇವೆಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಹೀಗೆ ಒಡೆದು ನೋಡಿದಾಗಲೇ ಗಂಡಸರು ಮೊದಲ ಕಾಲಂನಲ್ಲೇ ಇಲ್ಲ, ದೂರದವರು ಮೂರನೆಯದರಲ್ಲಿ ಕಾಣೆಯಾಗುತ್ತಾರೆ ಎಂಬುದು ಗೊತ್ತಾಗುವುದು. ಮೊದಲನೆಯದಕ್ಕೆ ರೆಫರ್ ಮಾಡುವವರಿಗೆ ತರಬೇತಿ ಬೇಕು, ಎರಡನೆಯದಕ್ಕೆ ಭೇಟಿಯ ಸಮಯವನ್ನೋ ಬಗೆಯನ್ನೋ ಬದಲಿಸಬೇಕು. ಬರುವುದು ನಿಲ್ಲಿಸಿದವರಿಗೆ ಒಂದು ಫೋನ್ ಮಾಡಿ, ಏಕೆ ಬರಲಿಲ್ಲ ಎನ್ನುವ ಬದಲು ಬರಲು ಏನು ಅಡ್ಡಿಯಾಯಿತು ಎಂದು ಕೇಳಿ, ಅವರು ಹೇಳಿದ್ದನ್ನು ಅದೇ ಹಾಳೆಯಲ್ಲಿ ಬರೆದುಕೊಂಡು ಮೂರು ತಿಂಗಳಿಗೊಮ್ಮೆ ಇಡೀ ತಂಡ ಓದಬೇಕು.